ಮಾತು ಕಡಿಮೆಯವನ ಸೈಕಲ್ ಸವಾರಿ

ಮನೆ ಬಿಟ್ಟಾಗಿನಿಂದ ಬಾಯಿಗೆ ಕೆಲಸವಿಲ್ಲ ಎಂಬುದೇ ಅವನಿಗೆ ದೊಡ್ಡ ಸಂಪಾದನೆಯಂತೆ ಕಾಣುತ್ತಿತ್ತು. ಎಡಕ್ಕೆ ಸಮುದ್ರ, ಬಲಕ್ಕೆ ಉಪ್ಪಿನ ಮಡಿಗಳು, ನಡುವೆ ನೇರ ಚಾಚಿಕೊಂಡ ಡಾಂಬರು ರಸ್ತೆ, ಅದರ ಮೇಲೆ ಅವನೊಬ್ಬ. ಬಿಸಿಲು ಇನ್ನೂ ಹದವಾಗಿತ್ತು, ಗಾಳಿ ಬೆನ್ನ ಹಿಂದಿತ್ತು, ಹೊರಡುವ ಮುಂಚೆ ಎಣ್ಣೆ ಕುಡಿಸಿದ್ದ ಚೈನು ಚಕಾರವೆತ್ತದೆ ಓಡುತ್ತಿತ್ತು. "ಹೀಗಿರಬೇಕು ನೋಡು," ಎಂದು ಅವನು ಸೈಕಲ್ಲಿಗೆ ಹೇಳಿದ, "ಮಾತಿಲ್ಲ, ಕತೆಯಿಲ್ಲ." ಆಮೇಲೆ, ಮಾತಿಲ್ಲದಿದ್ದರೆ ಮನುಷ್ಯನ ಉಸಿರು ಎಷ್ಟು ಉಳಿಯುತ್ತದೆ, ಉಳಿದ ಉಸಿರು ಏರಿನಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಅದಕ್ಕೆ ಬಿಡಿಸಿ ಹೇಳಿದ. ರಸ್ತೆ ದಾಟುತ್ತಿದ್ದ ಮೇಕೆಯೊಂದು ಅರ್ಧದಲ್ಲೇ ನಿಂತು ಅವನನ್ನು ದಿಟ್ಟಿಸಿತು. ಅದಕ್ಕೂ ಎರಡು ಮಾತು ಹೇಳಿ ಮುಂದೆ ಸಾಗಿದ.

ಅವನದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಪರದೆ ಎಳೆದ ಕತ್ತಲೆ ಕೋಣೆ, ಕೋಣೆಯ ಕೊನೆಯಲ್ಲಿ ಬೆಳಗುವ ಅಕ್ಷರಗಳ ಹಲಗೆ. ಬೆಳಗಿನಿಂದ ಸಂಜೆಯವರೆಗೆ ಅದೇ ರಾಗ: ಮೇಲಿನ ಸಾಲು ಓದಿ, ಈಗ ಕೆಳಗಿನದು, ಈ ಗಾಜು ಚೆನ್ನಾಗಿದೆಯೋ ಅದೋ. ಊರಿನವರೆಲ್ಲ ಅವನನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ದಿನವಿಡೀ ಹೊಟ್ಟೆಪಾಡಿಗಾಗಿ ಆಡಿದ ಮಾತು ಮಾತೇ ಅಲ್ಲ, ತಾನು ಮೂಲತಃ ಮಾತು ಕಡಿಮೆಯವನು ಎಂದು ಅವನ ನಂಬಿಕೆ. ಈ ಪ್ರವಾಸದ ವಿಷಯ ಎತ್ತಿದಾಗ ಹೆಂಡತಿ ಬಟ್ಟೆ ಮಡಚುತ್ತಾ ತಲೆಯೆತ್ತದೆ, "ಹೋಗಿ ಬನ್ನಿ. ನನ್ನ ಕಿವಿಗೂ ಒಂದು ರಜ ಸಿಗುತ್ತೆ," ಎಂದಿದ್ದಳು. ತಮಾಷೆ ಎಂದುಕೊಂಡು ಅವನು ನಕ್ಕಿದ್ದ. ಅಂಥ ತಮಾಷೆಗಳಿಂದ ಗಂಡಸರ ಮನಸ್ಸಿಗೆ ಏನಾಗುತ್ತದೆ ಎಂದು ಅವಳು ಕೊನೆಯ ಟವೆಲು ಮಡಚಿ ಕಪಾಟು ಮುಚ್ಚುವ ತನಕ ಹೇಳಿದ್ದ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಕೇಳಿಸಿಕೊಳ್ಳುವವರು ಯಾರಿದ್ದಾರೆ? ಬೇರೆ ಊರಿನ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮಗಳು ವಾರಕ್ಕೊಮ್ಮೆ ಫೋನ್ ಮಾಡುವುದು ಅಮ್ಮನಿಗೆ. ಪಕ್ಕದ ಕೋಣೆಯಿಂದ ನಗು ಕೇಳುತ್ತದೆ, ಪಿಸುಮಾತು ಕೇಳುತ್ತದೆ, 'ಅಯ್ಯೋ, ಆಮೇಲೆ?' ಎಂಬುದು ಕೇಳುತ್ತದೆ. ಫೋನು ಇವನ ಕೈಗೆ ಬಂದ ಕೂಡಲೇ ಹೂಂ ಅಪ್ಪ, ಸರಿ ಅಪ್ಪ, ಇಡ್ತೀನಿ ಅಪ್ಪ. ಮಾತು ಬಾರದ ಅಪ್ಪಂದಿರ ಹಣೆಬರಹವೇ ಇಷ್ಟು ಎಂದು ಅವನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ. ಆದರೂ ಈಗ, ಈ ಬೆಳಕಿನಲ್ಲಿ, ಉಪ್ಪಿನ ರಾಶಿಗಳು ಹಲ್ಲು ಬಿಟ್ಟಂತೆ ಹೊಳೆಯುತ್ತಿರುವಾಗ, ಅದು ನೆನಪಾಯಿತು. ಅದನ್ನು ಹಿಂದೆ ಹಾಕಲು ಜೋರಾಗಿ ತುಳಿದ.

ಹಿಂದಿನಿಂದ ಗಂಟೆ ಕೇಳಿಸಿತು. ಲಾರಿಯಲ್ಲ, ಬೈಕಲ್ಲ, ಸೈಕಲ್ಲಿನ ಹಳೇ ಟ್ರಿಣ್ ಟ್ರಿಣ್. ಅರವತ್ತು ದಾಟಿದ ಹೆಂಗಸೊಬ್ಬರು ನೀಲಿ ಸೈಕಲ್ಲಿನ ಮೇಲೆ ನೆಟ್ಟಗೆ ಕೂತು ಪಕ್ಕಕ್ಕೆ ಬಂದರು. ಗಂಡಸರ ಅಂಗಿ, ಸಡಿಲ ಪ್ಯಾಂಟು, ಹೆಲ್ಮೆಟ್ಟಿನ ಕೆಳಗೆ ಬಿಗಿಯಾಗಿ ಕಟ್ಟಿದ ಬೆಳ್ಳಿ ಜುಟ್ಟು. ಕ್ಯಾರಿಯರಿನ ಮೇಲೆ ಚೀಲ ಆಸ್ಪತ್ರೆಯ ಹಾಸಿಗೆಯಷ್ಟು ಅಚ್ಚುಕಟ್ಟಾಗಿತ್ತು.

"ಒಬ್ರೇನಾ?" ಎಂದು ಅವರು ಕೇಳಿದರು.

ಇಗೋ ಬಂತು, ಎಂದುಕೊಂಡ ಅವನು. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಒರಟನೆನಿಸಿಕೊಳ್ಳಬೇಕಲ್ಲ ಎಂದು ಒಬ್ಬನೇ ಎಂದ. ಒಬ್ಬನೇ ಏಕೆಂದು ಹೇಳದಿದ್ದರೆ ತಪ್ಪು ತಿಳಿಯಬಹುದು ಎಂದು ಅದನ್ನೂ ಹೇಳಿದ. ಅಂಗಡಿಯ ವಿಷಯ ಬಂದ ಮೇಲೆ ಕತ್ತಲೆ ಕೋಣೆಯ ವಿಷಯ ಬಿಡುವುದು ಹೇಗೆ? ಉಪ್ಪಿನ ಮಡಿಗಳು ಮುಗಿದು ಮೀನು ಒಣಹಾಕಿದ ಬಯಲು ಬಂತು, ಬಯಲು ಮುಗಿದು ದೋಣಿ ಕಟ್ಟುವವರ ಶೆಡ್ಡುಗಳು ಬಂದವು. ನಡುವೆ ಎಲ್ಲೋ ಆಕೆ ತಾನು ನರ್ಸಾಗಿದ್ದೆನೆಂದೂ, ಎಲ್ಲರೂ ಸಿಸ್ಟರ್ ಎಂದೇ ಕರೆಯುವುದೆಂದೂ ಹೇಳಿದರು. ನರ್ಸುಗಳಿಗೆ ಕಣ್ಣಿನ ಬಗ್ಗೆ ಇರುವ ತಪ್ಪು ಕಲ್ಪನೆಗಳು ಅವನಿಗೆ ತಕ್ಷಣ ನೆನಪಾದವು. ಮೊದಲ ಏರಿನಲ್ಲಿ ಸಿಸ್ಟರ್ ಸೀಟಿನಿಂದ ಏಳದೆ ಹತ್ತಿಹೋದರು. ಇವನ ತೊಡೆಗಳು ಅರ್ಧಕ್ಕೇ ಕೈಕೊಟ್ಟವು, ಇಳಿದು ತಳ್ಳಬೇಕಾಯಿತು. ತಳ್ಳುವವನನ್ನು ದಾಟಿಹೋದ ಬಸ್ಸಿನ ಕಿಟಕಿಯಿಂದ ಯಾರೋ "ಅಜ್ಜೀನೇ ಗೆದ್ರು!" ಎಂದು ಕೂಗಿ ನಕ್ಕರು. ಅವನ ಕಿವಿ ಬಿಸಿಯಾಯಿತು. ತುದಿಯಲ್ಲಿ ಕಾಯುತ್ತಿದ್ದ ಸಿಸ್ಟರಿಗೆ, ತನ್ನ ಗೇರಿನ ಹಲ್ಲುಗಳ ಅಳತೆಯೇ ಬೇರೆ, ಇದರಲ್ಲಿ ಶಕ್ತಿಯ ಪ್ರಶ್ನೆ ಬರುವುದಿಲ್ಲ ಎಂದು ಸಮಾಧಾನವಾಗಿ, ಮೊದಲಿನಿಂದ, ಅರ್ಥ ಮಾಡಿಸಿದ. ಅವರು "ಹೂಂ" ಎಂದರು. ಏನು ಮಾತಪ್ಪ ಈ ಹೆಂಗಸಿಗೆ, ಎನಿಸಿತು ಅವನಿಗೆ. ಹೂಂ, ಹೌದಾ, ಅಂತ ಒಂದಾದ ಮೇಲೊಂದು. ಮನುಷ್ಯ ಸುಮ್ಮನಿರೋಣವೆಂದರೆ ಬಿಡಬೇಕಲ್ಲ.

ರಸ್ತೆ ಬದಿಯ ಮರದ ನೆರಳಲ್ಲಿ ಬಾಳೆಹಣ್ಣು ತಿನ್ನಲು ನಿಂತರು. ಸಿಸ್ಟರ್ ಸುಲಿದು ತಿಂದು ಸಿಪ್ಪೆಯನ್ನು ಪೊಟ್ಟಣದಲ್ಲಿ ಕಟ್ಟಿಟ್ಟಾಗ ಇವನ ಕೈಯ ಹಣ್ಣು ಇನ್ನೂ ಹಾಗೇ ಇತ್ತು. ಆಗಲೇ ಅವನ ಕಣ್ಣಿಗೆ ಬಿದ್ದದ್ದು: ನೀಲಿ ಸೈಕಲ್ಲಿನ ಮುಂದಿನ ಬ್ರೇಕಿನ ರಬ್ಬರು ಸವೆದು ಲೋಹ ಕಾಣುತ್ತಿತ್ತು. ಹೇಳಬೇಕೆಂದುಕೊಂಡ. ಬ್ರೇಕು ಎಂದ ಕೂಡಲೇ ಬ್ರೇಕೇ ಇಲ್ಲದಿದ್ದ ತನ್ನ ಮೊದಲ ಸೈಕಲ್ಲಿನ ನೆನಪು ಬಂತು, ಅದನ್ನು ಓಡಿಸಿ ಬಾವಿಕಟ್ಟೆಗೆ ಗುದ್ದಿ ಕಳೆದುಕೊಂಡ ಹಲ್ಲಿನ ನೆನಪು ಬಂತು, ಅದೇ ಜಾಗದಲ್ಲಿ ಕಟ್ಟಿಸಿಕೊಂಡ ಹಲ್ಲನ್ನು ತೋರಿಸಲು ತುಟಿ ಎಳೆದು ಹಿಡಿಯಬೇಕಾಯಿತು. ಸಿಸ್ಟರ್ ನೋಡಿ, "ಚೆನ್ನಾಗಿ ಕಟ್ಟಿದಾರೆ," ಎಂದು ಹೆಲ್ಮೆಟ್ಟು ಹಾಕಿಕೊಂಡರು.

ದೀಪಸ್ತಂಭದ ಗುಡ್ಡ ದೂರದಲ್ಲಿ ಕಾಣಿಸುವ ಹೊತ್ತಿಗೆ ಅವನ ತಲೆ ಗಿಮ್ಮೆನ್ನುತ್ತಿತ್ತು, ಬಾಯಿ ಒಣಗಿತ್ತು. ಬೆಳಗಿನ ಆ ಮೌನ, ಆ ಮೇಕೆ, ಎಲ್ಲ ಯಾವುದೋ ಜನ್ಮದ್ದೆನಿಸಿತು. ಇಷ್ಟು ದೂರ ಬಂದದ್ದು ಇದಕ್ಕೇನು? ಪೆಟ್ರೋಲ್ ಬಂಕ್ ಬಂತು. "ಬಾಟಲಿ ತುಂಬಿಸ್ಕೊಂಡು ಬರ್ತೀನಿ," ಎಂದು ಸಿಸ್ಟರ್ ಸೈಕಲ್ಲನ್ನು ಹಿತ್ತಲ ಕಡೆ ಒರಗಿಸಿ ಒಳಗೆ ಹೋದರು. ಬಂಕಿನ ಪಕ್ಕದಿಂದ ಕಡಲಂಚಿಗೆ ಒಂದು ಮಣ್ಣು ದಾರಿ ಇಳಿಯುತ್ತಿತ್ತು. ಅವನು ಆ ದಾರಿಯನ್ನು ನೋಡಿದ, ಬಾಗಿಲನ್ನು ನೋಡಿದ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ. ಕನ್ನಡಕದಂಗಡಿಯ ಮಾಲೀಕ, ಬೆಳೆದ ಮಗಳ ಅಪ್ಪ, ಶಾಲೆ ತಪ್ಪಿಸುವ ಹುಡುಗನಂತೆ ಬೆನ್ನು ಬಗ್ಗಿಸಿ ಕಾಲಿಗೆ ಬುದ್ಧಿ ಹೇಳಿದ.

ಮಣ್ಣು ದಾರಿ ಸ್ವಲ್ಪದರಲ್ಲೇ ಮರಳಾಯಿತು. ಚಕ್ರ ಹೂತಿತು, ಇಳಿದು ತಳ್ಳಿದ, ಶೂಗಳ ತುಂಬ ಮರಳು. ಆದರೂ ಎಂಥ ಸುಖ! ಅಲೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ದೋಣಿಯೊಂದರ ನೆರಳಲ್ಲಿ ಕೂತು ಅಷ್ಟುದ್ದ ಕಾಲು ಚಾಚಿದ. ಪಾಪ, ಆಕೆ ಹೊರಗೆ ಬಂದು ಹುಡುಕಿರುತ್ತಾರೆ. ಬಾಟಲಿ ಕೈಯಲ್ಲಿ ಹಿಡಿದು ರಸ್ತೆಯ ಆ ಕಡೆ ಈ ಕಡೆ ನೋಡಿರುತ್ತಾರೆ. ಒಂಟಿ ಹೆಂಗಸು, ಮಾತಿಗೆ ಯಾರೂ ಇಲ್ಲದೆ ಹೀಗೆ ಊರೂರು ಅಲೆಯುತ್ತಾ ಸಿಕ್ಕವರನ್ನು ಹಿಡಿದುಕೊಳ್ಳುತ್ತಾರೆ ಪಾಪ. ಹೀಗೆ ಎರಡು ಸಲ ಪಾಪ ಎಂದ ಮೇಲೆ ಆ ನೆರಳು ಅಷ್ಟು ತಂಪಾಗಿ ಉಳಿಯಲಿಲ್ಲ. ಮಗಳು ಸಣ್ಣವಳಿದ್ದಾಗ ಸಂತೆಯಲ್ಲಿ ಕೈ ತಪ್ಪಿಸಿಕೊಂಡಿದ್ದಳು. ಬಳೆ ಅಂಗಡಿಯ ಮುಂದೆ ಸಿಕ್ಕಾಗ ಅಳುತ್ತಿರಲಿಲ್ಲ, ಸುಮ್ಮನೆ ನಿಂತಿದ್ದಳು. ಅಂಥದೇ ಒಂದು ನಿಲುವಿನಲ್ಲಿ ಸಿಸ್ಟರ್ ಬಂಕಿನ ಮುಂದೆ ನಿಂತಂತೆ ಕಾಣಿಸಿ, ಅವನು ಮರಳು ಕೊಡವಿಕೊಳ್ಳಲು ಶೂ ಬಿಚ್ಚಿದ. ಬಿಚ್ಚಿದ ಶೂ ಕೈಯಲ್ಲಿರುವಾಗಲೇ ಬ್ರೇಕು ನೆನಪಾಯಿತು. ದೀಪಸ್ತಂಭದ ಗುಡ್ಡದ ಆ ಕಡೆ ಇಳಿಜಾರು, ಸೊಟ್ಟ ತಿರುವುಗಳು, ಕೆಳಗೆ ಬಂಡೆ. ಅದನ್ನು ಬೆಳಗ್ಗೆ ನಕ್ಷೆಯಲ್ಲಿ ನೋಡಿದ್ದವನು ತಾನೇ. ರಬ್ಬರಿಲ್ಲದ ಬ್ರೇಕನ್ನು ನೋಡಿದ್ದವನೂ ತಾನೇ. ನೋಡಿ, ಹಲ್ಲು ತೋರಿಸಿದವನು.

ಮರಳಲ್ಲಿ ಸೈಕಲ್ಲನ್ನು ಎತ್ತಿಕೊಂಡೇ ಓಡಿದ. ಬಂಕಿನಲ್ಲಿ ಸಿಸ್ಟರ್ ಇರಲಿಲ್ಲ.

"ಅವರಾ? ಹೋಗಿ ಬಹಳ ಹೊತ್ತಾಯ್ತು," ಎಂದ ಪೆಟ್ರೋಲ್ ಹಾಕುವವನು. "ಒಳಗಿಂದ ಕಿಟಕೀಲಿ ನಿಮ್ಮನ್ನೇ ನೋಡ್ತಾ ಇದ್ರು. ನೀವು ಆ ಕಡೆ ತಿರುಗಿದ ತಕ್ಷಣ, 'ಹೋದ್ರಾ? ನಿಜವಾಗ್ಲೂ ಹೋದ್ರಾ?' ಅಂತ ನನ್ನ ಕೇಳಿದ್ರು."

"ಹಾಗಂದ್ರಾ?"

"ಎರಡು ಸಲ."

ಅವನು ಸೈಕಲ್ಲನ್ನು ಗುಡ್ಡದ ಕಡೆ ತಿರುಗಿಸಿದ. ನಿಜವಾಗಲೂ ಹೋದರಾ. ಆ ದನಿ ಅವನಿಗೆ ಕೇಳಿಸತೊಡಗಿತು. ಗುಡ್ಡದ ಏರಿನುದ್ದಕ್ಕೂ ಪ್ರತಿ ತುಳಿತಕ್ಕೂ ಕೇಳಿಸಿತು. ಈ ಸಲ ಅವನು ಇಳಿಯಲಿಲ್ಲ. ತೊಡೆ ಉರಿಯಿತು, ಬೆವರು ಕಣ್ಣಿಗಿಳಿದು ರಸ್ತೆ ಮಸುಕಾಯಿತು, ಇಳಿಯಲಿಲ್ಲ. ತುದಿ ತಲುಪಿದಾಗ ದೀಪಸ್ತಂಭದ ಬಿಳಿ ಗೋಡೆಯ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊಸ ಜೋಡಿಯೊಂದು ಅವನ ಮುಖ ನೋಡಿ ನೀರು ಬೇಕಾ ಎಂದು ಕೇಳಿತು. ಅವನಿಗೆ ಬೇಕು ಎನ್ನಲೂ ಉಸಿರಿರಲಿಲ್ಲ. ಇಳಿಜಾರಿನಲ್ಲಿ ಪ್ರತಿ ತಿರುವಿಗೂ ಕಾಲೂರಿ ನಿಂತು ಕೆಳಗೆ ಇಣುಕಿದ. ಒಂದು ಕಡೆ ಪೊದೆಯಲ್ಲಿ ನೀಲಿಯದೇನೋ ಕಂಡು ಜೀವ ಬಾಯಿಗೆ ಬಂತು. ಗಾಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಹಾಳೆ. ಇನ್ನೊಂದು ಕಡೆ ರಸ್ತೆಯ ಮೇಲೆ ಕಪ್ಪು ಗೆರೆ, ಯಾವುದೋ ಲಾರಿಯದು. ದೇವರೇ, ಆಕೆ ಸುಖವಾಗಿರಲಿ, ಇಡೀ ದಾರಿ ಮಾತಾಡಲಿ, ಬೇಕಾದ್ದು ಮಾತಾಡಲಿ, ನಾನು ಕೇಳ್ತೀನಿ ಎಂದುಕೊಂಡ.

ಗುಡ್ಡ ಇಳಿದರೆ ನದಿ ಸಮುದ್ರ ಸೇರುವ ಜಾಗ. ಸೇತುವೆಯಿಲ್ಲ; ಜನ, ಬೈಕು, ಸೈಕಲ್ಲುಗಳನ್ನು ದಾಟಿಸುವ ಅಗಲದ ದೋಣಿ ಆಚೆ ದಡದಲ್ಲಿತ್ತು. ಈಚೆ ದಡದಲ್ಲಿ ತಗಡಿನ ಚಹಾ ಅಂಗಡಿ. ಅದರ ಹಿಂಬದಿ, ಖಾಲಿ ಸೋಡಾ ಬಾಟಲಿಗಳ ಕ್ರೇಟುಗಳ ಮರೆಯಲ್ಲಿ, ಒಂದು ನೀಲಿ ಮಡ್‌ಗಾರ್ಡು. ಅವನು ಸೈಕಲ್ಲನ್ನು ನಿಲ್ಲಿಸಿದನೋ ಬೀಳಿಸಿದನೋ, ಒಳಗೆ ನುಗ್ಗಿದ. ಮೂಲೆಯ ಬೆಂಚಿನಲ್ಲಿ ಯಾರೋ ದಿನಪತ್ರಿಕೆಯನ್ನು ಮುಖಕ್ಕೆ ಪೂರ್ತಿ ಅಡ್ಡ ಹಿಡಿದು ಕೂತಿದ್ದರು. ಪತ್ರಿಕೆಯ ಮೇಲೆ ಬೆಳ್ಳಿ ಕೂದಲು ಕಾಣುತ್ತಿತ್ತು.

"ಸಿಸ್ಟರ್!"

ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. "ಓ, ನೀವಾ," ಎಂದರು ಸಿಸ್ಟರ್. ಸಿಕ್ಕಿಬಿದ್ದವರ ಮುಖ ಅದು. ಆದರೆ ಅವನಿಗೆ ಅದೆಲ್ಲ ಗಮನಿಸುವ ಸ್ಥಿತಿ ಎಲ್ಲಿತ್ತು?

"ನಿಮಗೇನೂ ಆಗ್ಲಿಲ್ಲ ತಾನೇ? ಬ್ರೇಕು ಸವೆದಿದೆ ಸಿಸ್ಟರ್, ಬೆಳಗ್ಗೇನೇ ನೋಡಿದ್ದೆ, ಹೇಳ್ಲಿಲ್ಲ, ನನ್ನದೇ ತಪ್ಪು. ಬಂಕಲ್ಲಿ ನಿಮ್ಮನ್ನ ಬಿಟ್ಟು ಬೇಕಂತಲೇ ಹೋದೆ. ತಪ್ಪಿಸ್ಕೊಂಡು ಹೋದೆ. ಕ್ಷಮಿಸಿಬಿಡಿ."

ಸಿಸ್ಟರ್ ಪತ್ರಿಕೆ ಮಡಚಿಟ್ಟರು. "ಒಂದು ನಿಮಿಷ. ನೀವು ನನ್ನಿಂದ ತಪ್ಪಿಸ್ಕೊಂಡ್ರಾ?"

"ಹೌದು."

"ಯಾಕೆ?"

"ಅದು... ಬೇಜಾರು ಮಾಡ್ಕೋಬೇಡಿ ಸಿಸ್ಟರ್. ನಾನು ಮಾತು ಕಡಿಮೆ. ನಿಮ್ಮ ಮಾತು ಸ್ವಲ್ಪ..."

"ನನ್ನ ಮಾತು!"

ಸಿಸ್ಟರಿಗೆ ನಗು ಬಂತು. ಮೊದಲು ಭುಜ ಕುಲುಕಿದವು, ಆಮೇಲೆ ಚಹಾದ ಲೋಟ ಚೆಲ್ಲಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೇ ಪಕ್ಕಕ್ಕೆ ವಾಲಿದರು. ಅಂಗಡಿಯಾಕೆ ಏನಾಯಿತೋ ಎಂದು ಒಲೆ ಬಿಟ್ಟು ಬಂದಳು. "ಇವರೇನಾ ಅಮ್ಮ, ನೀವು ಹೇಳಿದ್ದು?" ಎಂದು ಕೇಳಿದಳು.

"ಇವರೇ, ಇವರೇ." ಸಿಸ್ಟರ್ ಕಣ್ಣೊರೆಸಿಕೊಂಡರು. "ಬಂಕಲ್ಲಿ ನಾನು ಬಾಟಲಿ ತುಂಬ್ಸೋಕೆ ಹೋದೆ ಅಂದ್ಕೊಂಡ್ರಾ? ಬಾಟಲಿ ತುಂಬೇ ಇತ್ತು ಕಣ್ರೀ. ನೀವು ಹೋಗ್ದೇ ಇದ್ರೆ ಹಿತ್ತಲ ಕಡೆಯಿಂದ ಸೈಕಲ್ ಎತ್ಕೊಂಡು ಹೋಗೋಣ ಅಂತ ಕಿಟಕೀಲಿ ಕಾಯ್ತಿದ್ದೆ. ನೀವೇ ಹೋದ್ರಲ್ಲ, ಆ ಹುಡುಗನ್ನ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡೆ."

ಅವನು ಪೆಚ್ಚಾಗಿ ನಗಲು ನೋಡಿದ. ತುಟಿ ಮಾತ್ರ ಸರಿದವು. "ಆದ್ರೆ ಸಿಸ್ಟರ್, ನಾನು ಅಂಥಾ ಏನು..."

"ನನಗೆ ಮಕ್ಕಳೆಷ್ಟು ಹೇಳಿ ನೋಡೋಣ."

ಅವನು ಬಾಯಿ ತೆರೆದ.

"ಹೋಗ್ಲಿ, ನನ್ನ ಊರು? ಎಲ್ಲಿಗೆ ಹೊರಟಿದೀನಿ? ಎಲ್ಲಿಂದ ಬರ್ತಿದೀನಿ?" ಸಿಸ್ಟರ್ ಬೆರಳು ಮಡಚುತ್ತಾ ಹೋದರು. "ನಿಮ್ಮದು ನಾನು ಹೇಳ್ತೀನಿ. ಅಂಗಡಿ ಪರದೆ ಹಸಿರು ಬಣ್ಣ. ಹೆಂಡತಿಗೆ ಎಡ ಮಂಡಿ ನೋವು. ಹಲ್ಲು ಕಟ್ಟಿಸಿದ್ದು ಬಲಗಡೆ. ನಿಮ್ಮಪ್ಪನಿಗೆ ಗೊರಕೆ. ಮಗಳಿಗೆ ಯಾವ ಬ್ಯಾಂಕಲ್ಲಿ ಖಾತೆ ತೆಗೀಬೇಕು, ಯಾವ ಬಸ್ಸಲ್ಲಿ ಓಡಾಡ್ಬೇಕು, ಯಾವ ಕಂಪನಿ ಚಪ್ಪಲಿ ಹಾಕ್ಕೋಬೇಕು ಅಂತ ನೀವು ಹೇಳಿದ್ದು ಎಲ್ಲಾ ನನಗೆ ಬಾಯಿಪಾಠ." ಇಲ್ಲಿ ಅವರ ನಗು ತಾನಾಗಿ ನಿಂತಿತು. "ಅವಳು ಏನಂದ್ಲು ಅನ್ನೋದು ಮಾತ್ರ ನೀವು ಒಂದು ಸಲವೂ ಹೇಳ್ಲಿಲ್ಲ ನೋಡಿ."

ಆಚೆ ದಡದಲ್ಲಿ ದೋಣಿಯ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಅವನಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ಮಗಳು ಏನಂದಳು? ನೆನಪಿಗೆ ಬಂದದ್ದು ಹೂಂ ಅಪ್ಪ, ಸರಿ ಅಪ್ಪ. ಅದಕ್ಕೂ ಹಿಂದೆ ಹೋದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, 'ಅಪ್ಪಾ, ಇವತ್ತು ಕ್ಲಾಸಲ್ಲಿ ಏನಾಯ್ತು ಗೊತ್ತಾ' ಎಂದಿದ್ದಳು. ಏನಾಯ್ತು? ಗೊತ್ತಿಲ್ಲ. ತರಗತಿಯ ಶಿಸ್ತಿನ ಬಗ್ಗೆ ಅವನು ಹೇಳಿದ್ದು ಮಾತ್ರ ಪೂರ್ತಿ ನೆನಪಿತ್ತು. ಪರದೆಯಾಚೆ ಕೂತವರಿಗೆ ದಿನವೂ ಕೇಳುವ ಪ್ರಶ್ನೆಗಳು, ಅವರು ಹೇಳುವವರೆಗೆ ಕಾಯುವ ತಾಳ್ಮೆ, ಅದನ್ನು ತಾನು ಅಂಗಡಿ ಬಾಗಿಲಲ್ಲೇ ಬಿಟ್ಟುಬರುತ್ತಿದ್ದೆನೇ? ಹೆಂಡತಿಯ ಮಡಚಿದ ಟವೆಲು, ಮೇಕೆ, ಸೈಕಲ್ಲು ಎಲ್ಲ ಒಂದೊಂದಾಗಿ ಎದುರು ಬಂದು ನಿಂತವು. ಅವಮಾನದ ಜೊತೆಗೇ, ಎಲ್ಲಿಂದಲೋ, ತಡೆಯಲಾರದ ನಗು ಬಂತು. ಮೇಕೆಗೂ ಬಿಟ್ಟಿರಲಿಲ್ಲವಲ್ಲ ತಾನು. ಸಿಸ್ಟರ್ ಇನ್ನೊಂದು ಚಹಾ ಹೇಳಿದರು.

ಅವನು ಎದ್ದು ನೀಲಿ ಸೈಕಲ್ಲನ್ನು ಕ್ರೇಟುಗಳ ಮರೆಯಿಂದ ಈಚೆ ತಂದ. ಅವನ ಚೀಲದಲ್ಲಿ ಬ್ರೇಕಿನ ಹೊಸ ರಬ್ಬರುಗಳಿದ್ದವು. ಸಿಸ್ಟರ್ ಗುಡ್ಡವನ್ನು ಹಿಂದಿನ ಬ್ರೇಕಿನಲ್ಲೇ ಇಳಿದಿದ್ದರು, ಅರ್ಧ ದಾರಿ ಚಪ್ಪಲಿ ಉಜ್ಜಿಕೊಂಡು. ನಟ್ಟು ಸಡಿಲಿಸುವಾಗ ಆ ರಬ್ಬರಿನ ತಯಾರಿಕೆಯ ಬಗ್ಗೆ ಹೇಳಲು ಬಹಳ ಒಳ್ಳೆಯ ವಿಷಯಗಳು ನಾಲಿಗೆಯ ತುದಿಗೆ ಬಂದವು. ಸ್ಪ್ಯಾನರನ್ನು ಹಲ್ಲಲ್ಲಿ ಕಚ್ಚಿಕೊಂಡ. ಸ್ಪ್ಯಾನರು ಬೇಕಾದಾಗ ತೆಗೆದು, ತಿರುಗಿಸಿ, ಮತ್ತೆ ಕಚ್ಚಿಕೊಂಡ. ಬಹಳ ಕಷ್ಟದ ಕೆಲಸವಾಗಿತ್ತು ಅದು. ಕೊನೆಗೆ ಕೇಳಿದ: "ಎಲ್ಲಿಗೆ ಸಿಸ್ಟರ್, ನೀವು ಹೊರಟಿರೋದು?"

ಕೇಳಿ ಸುಮ್ಮನಾದ. ಉತ್ತರ ತಕ್ಷಣ ಬರಲಿಲ್ಲ. ಆ ಖಾಲಿ ಜಾಗದಲ್ಲಿ ಒಂದು ಕಾಗೆ ಕೂಗಿತು, ಅಲೆ ಬಂದು ಹೋಯಿತು. ಇನ್ನೇನು ತಾನೇ ಏನಾದರೂ ಹೇಳಿಬಿಡುತ್ತೇನೆ ಎನ್ನುವಾಗ ಸಿಸ್ಟರ್ ಶುರು ಮಾಡಿದರು. ವಾರ್ಡಿನಲ್ಲಿ ಇಷ್ಟು ವರ್ಷ ನರಳಾಟ, ಕರೆಗಂಟೆ, ಅಳು ಕೇಳಿ ಕಿವಿ ತುಂಬಿಹೋಗಿತ್ತಂತೆ. ಕೆಲಸ ಬಿಟ್ಟ ಮೇಲೆ ಗಾಳಿಯ ಸದ್ದೊಂದನ್ನೇ ಕೇಳೋಣ ಎನಿಸಿತಂತೆ. ಮಕ್ಕಳಿಲ್ಲ. "ಯಜಮಾನರಿಗೆ ಸೈಕಲ್ ಬರಲ್ಲ. ಕಲ್ಸೋಕೆ ಹೋದ್ರೆ ಚರಂಡಿಗೆ ಬಿದ್ರು. ಅದಕ್ಕೇ ಅವರು ದಿನಾ ಬಸ್ಸಲ್ಲಿ ಮುಂದಿನ ಊರಿಗೆ ಹೋಗಿ, ರೂಮು ಹಿಡಿದು, ಬಸ್‌ಸ್ಟ್ಯಾಂಡಲ್ಲಿ ಕಡ್ಲೆಕಾಯಿ ತಿಂತಾ ಕಾಯ್ತಿರ್ತಾರೆ. ನಾನು ಬಂದ ತಕ್ಷಣ, 'ಇವತ್ತೇನು ನೋಡ್ದೆ?' ಅಂತಾರೆ. ಇವತ್ತು ಹೇಳೋಕೆ ಒಳ್ಳೇ ಕತೆ ಸಿಕ್ತು ಬಿಡಿ."

"ಹೂಂ," ಎಂದ ಅವನು, ಸ್ಪ್ಯಾನರಿನ ಸಂದಿಯಿಂದ.

ದೋಣಿ ಬಂತು. ಇಬ್ಬರೂ ಸೈಕಲ್ಲು ಹಿಡಿದು, ಬೈಕುಗಳ ನಡುವೆ ನಿಂತು ದಾಟಿದರು. ಆಚೆ ದಡದಲ್ಲಿ ಸಿಸ್ಟರ್ ಹೊಸ ಬ್ರೇಕನ್ನು ಎರಡು ಸಲ ಹಿಂಡಿ ನೋಡಿ, "ಚೆನ್ನಾಗಿದೆ," ಎಂದರು. "ನಾನು ಮುಂದೆ ಹೋಗ್ತೀನಿ. ನೀವು ಸ್ವಲ್ಪ ತಡವಾಗಿ ಬನ್ನಿ, ಆಯ್ತಾ?" ಅವನು ತಲೆಯಾಡಿಸಿದ. ನೀಲಿ ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೂ ಟ್ರಿಣ್ ಟ್ರಿಣ್ ಕೇಳುತ್ತಿತ್ತು.

ಹೊತ್ತು ಇಳಿಯುತ್ತಿತ್ತು. ದಡದಲ್ಲಿ ಬಲೆ ಎಳೆಯುವವರು ಕೆಲಸ ಮುಗಿಸಿ ಹೊರಟಿದ್ದರು. ಅವನು ಮಗಳಿಗೆ ಫೋನ್ ಮಾಡಿದ.

"ಅಪ್ಪಾ? ಏನಾಯ್ತು? ಬಿದ್ಯಾ?"

"ಇಲ್ಲಮ್ಮ. ಚೆನ್ನಾಗಿದೀನಿ. ನೀನು ಹೇಗಿದೀಯ?"

"ಚೆನ್ನಾಗಿದೀನಿ ಅಪ್ಪ."

ಅವನು ಏನೂ ಹೇಳಲಿಲ್ಲ. ಆ ಕಡೆಯಿಂದಲೂ ಏನಿಲ್ಲ. ಎಲ್ಲೋ ಒಂದು ಪ್ರೆಶರ್ ಕುಕ್ಕರ್ ಕೂಗಿತು.

"ಅಪ್ಪ? ಲೈನಲ್ಲಿದೀಯಾ?"

"ಇದೀನಿ."

"ಹುಷಾರಾಗಿದೀಯ ತಾನೇ? ಏನೂ ಮಾತಾಡ್ತಿಲ್ಲ."

"ಹುಷಾರಾಗಿದೀನಿ. ನೀನು ಹೇಳು ಅಂತ."

ಅವಳು ನಡೆದು ಇನ್ನೊಂದು ಕೋಣೆಗೆ ಹೋದದ್ದು, ಬಾಗಿಲು ಎಳೆದುಕೊಂಡದ್ದು ಕೇಳಿಸಿತು. "ಅಪ್ಪ, ಒಂದು ವಿಷಯ. ಬೈಬಾರ್ದು. ನಾನು ಕನ್ನಡಕ ಹಾಕ್ಕೋತಿದೀನಿ. ವರ್ಷ ಆಯ್ತು. ಇಲ್ಲೇ ಒಂದು ಅಂಗಡೀಲಿ ಮಾಡಿಸ್ಕೊಂಡೆ. ಮನೆಗೆ ಬಂದಾಗ ತೆಗೆದಿಡ್ತಿದ್ದೆ. ಅಮ್ಮಂಗೆ ಗೊತ್ತು."

ಯಾವ ಅಂಗಡಿ, ನಂಬರೆಷ್ಟು, ಯಾರು ನೋಡಿದ್ದು, ಗಾಜು ಯಾವುದು, ಊರಿಗೆಲ್ಲ ಕಣ್ಣು ನೋಡುವ ಅಪ್ಪನನ್ನು ಬಿಟ್ಟು... ಎಲ್ಲವೂ ಒಟ್ಟಿಗೆ ನುಗ್ಗಿ ಅವನ ಬಾಯಿಯ ಹತ್ತಿರ ಬಂದು ತಳ್ಳಾಡಿದವು. ನೋವಾಗಲಿಲ್ಲವೆಂದಲ್ಲ. ಅವನು ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಬಿಟ್ಟ.

"ಹೂಂ," ಎಂದ. "ಹೇಗೆ ಗೊತ್ತಾಯ್ತು ನಿನಗೆ?"

"ಹಿಂದಿನ ಬೆಂಚಿನ ಮಕ್ಕಳ ಮುಖಾನೇ ಕಾಣ್ತಿರ್ಲಿಲ್ಲ ಅಪ್ಪ. ಯಾರು ಕೈ ಎತ್ತಿದಾರೆ ಅಂತಾನೂ ಗೊತ್ತಾಗ್ತಿರ್ಲಿಲ್ಲ. ಕನ್ನಡಕ ಹಾಕ್ಕೊಂಡು ಹೋದ ಮೊದಲನೇ ದಿನ ನೋಡ್ತೀನಿ, ಕೊನೇ ಬೆಂಚಲ್ಲಿ ಒಂದು ಹುಡುಗಿ, ಪಾಪ, ಪ್ರತಿಯೊಂದು ಪ್ರಶ್ನೆಗೂ ಕೈ ಎತ್ತಿ ಕೂತಿದಾಳೆ. ಎಷ್ಟು ದಿನದಿಂದ ಎತ್ತಿದ್ಲೋ! ಅವಳ ಕತೆ ಕೇಳಿದ್ರೆ ನೀನು ನಗ್ತೀಯ. ಹೇಳ್ಲಾ? ಟೈಮ್ ಇದೆಯಾ ನಿಂಗೆ?"

"ಇದೆ," ಎಂದ ಅವನು. ಕಾಲ ಕೆಳಗಿನ ಕಪ್ಪೆಚಿಪ್ಪುಗಳ ಸದ್ದು ಅಡ್ಡ ಬಾರದಿರಲೆಂದು ನಡೆಯುವುದನ್ನು ನಿಲ್ಲಿಸಿ, ಇದ್ದಲ್ಲೇ ಒದ್ದೆ ಮರಳಿನ ಮೇಲೆ ಕೂತುಕೊಂಡ.